ರಹಮತ್ ಖಾಲಾನ ಮೂರು ತಿಂಗಳ ವೀಸಾ

ಅಥವಾ ಅಂದು ಮಳೆಯೇ ಇರಲಿಲ್ಲವೇನೋ. ಕಾರಿನ ಗಾಜಿನ ಮೇಲೆ ನೀರು ಇಳಿಯುತ್ತಿತ್ತು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಅದೇ ಚಿತ್ರದೊಳಗೆ ಹುಮನಾಬಾದಿನ ಹೆದ್ದಾರಿ ಪಕ್ಕ ಯಾರೋ ಹೆಸರುಕಾಳು ಹರವಿದ್ದಾರೆ. ಒಬ್ಬ ಹೆಂಗಸು ಬರಿಗಾಲಿನಿಂದ ಕಾಳಿನಲ್ಲಿ ಗೆರೆ ಎಳೆಯುತ್ತ ಅತ್ತಿಂದಿತ್ತ ನಡೆದಿದ್ದಾಳೆ. ಸುರಿಯುವ ಮಳೆಯಲ್ಲಿ ಯಾರೂ ಕಾಳು ಒಣಹಾಕುವುದಿಲ್ಲ. ಎರಡರಲ್ಲಿ ಒಂದನ್ನು ನಾನು ಬೇರೆ ಯಾವುದೋ ದಿನದಿಂದ ತಂದು ಅಂಟಿಸಿದ್ದೇನೆ. ಯಾವುದನ್ನು ಎಂದು ಹೇಳಲಾರೆ.

ಕಳೆದ ತಿಂಗಳು ಬೀದರದಿಂದ ಊರಿಗೆ ಹೊರಟವಳು ಹುಮನಾಬಾದ್ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ಒಂದು ಲಾರಿಯ ಮೇಲಿಂದ ಹಸಿ ತಾಡಪತ್ರಿ, ಸರಕಿಗೆ ಹೊದಿಸುವ ಟಾರ್ಪಾಲು, ಇಳಿಸುತ್ತಿದ್ದರು. ಮೇಣ, ಡೀಸೆಲ್, ಕೊಳೆತ ಹುಲ್ಲು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಸ್ಸು ಬಿಟ್ಟು ಬಸವಕಲ್ಯಾಣದ ಬಸ್ಸು ಹತ್ತಿದೆ. ವಾಸನೆ ನೆನಪನ್ನು ಹಾಗೇ ಎತ್ತಿ ಕೊಡುತ್ತದೆ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದು ಹೆದರಿಕೆಯನ್ನಷ್ಟೇ ಮರಳಿ ಕೊಡುತ್ತದೆ. ಉಳಿದದ್ದನ್ನು ನಾವೇ ಕಟ್ಟಿಕೊಳ್ಳುತ್ತೇವೆ.

ಆ ಮಳೆಗಾಲ ನಾನು ಬಸವಕಲ್ಯಾಣದಲ್ಲಿ ಯೂಸುಫ್ ಸಾಬರ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದೆ. ನನ್ನೂರು ಕೊಡಂಬಲ, ಬಸವಕಲ್ಯಾಣದ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ. ಕೆಳಗೆ ಮನೆ, ಮನೆಯ ಮುಂಭಾಗದಲ್ಲೇ ಯೂಸುಫ್ ಸಾಬರ ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಯವರು, ಅಡತಿಯವರು, ಹೊಲದವರು, ಎಲ್ಲರಿಗೂ ಮಿರಗದ, ಅಂದರೆ ಜೂನಿನ ಮೃಗಶಿರ ಮಳೆಗೆ ಮುಂಚೆ ಅವರೇ ಬೇಕು. ಆ ವರ್ಷ ಮಿರಗ ಕೂಡಿದ ವಾರವೇ, ಅರ್ಧ ಹೊಲಿದ ತಾಡಪತ್ರಿಯ ಮೇಲೆ ತಲೆಯಿಟ್ಟು ಅವರು ತೀರಿಹೋದರು. ಮಷೀನಿನ ಸೂಜಿ ಬಟ್ಟೆಯೊಳಗೇ ಇತ್ತು ಎಂದು ಎದುರು ಮನೆಯ ಶರಣಮ್ಮ ಹೇಳುತ್ತಿದ್ದಳು. ನಾನು ನೋಡಿಲ್ಲ.

ಅವರ ಹೆಂಡತಿ ರಹಮತ್ ಖಾಲಾ ಇದ್ದತ್ತಿಗೆ ಕೂತಳು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಪರ ಗಂಡಸರ ಎದುರು ಬರುವುದಿಲ್ಲ. ಯಾರೂ ಆಕೆಯನ್ನು ಕೂಡಿಸಲಿಲ್ಲ, ತಾನೇ ಕೂತಳು. 'ಮೂವತ್ತು ವರ್ಷ ಅವರ ಮಷೀನಿನ ಸಪ್ಪಳಾ ಕೇಳೀನ್ರಿ ಬಾಯಿ. ಅದು ಕಿವಿಯಿಂದ ಇಳೀಲಿಕ್ಕ ಇಷ್ಟು ದಿನಾ ಬೇಕ ಬೇಕು' ಎಂದಳು; ನನ್ನನ್ನು ಆಕೆ ಕರೆಯುತ್ತಿದ್ದುದೇ ಬಾಯಿ, ಅಂದರೆ ಅಕ್ಕೋರೇ ಎಂದು. ಅಂಗಡಿಗೂ ಮನೆಗೂ ನಡುವೆ ಒಂದು ಹಸಿರು ಪರದೆ ಬಿತ್ತು.

ಆದರೆ ಅಷ್ಟರೊಳಗೆ ವೀಸಾ ಬಂದಾಗಿತ್ತು.

ಒಬ್ಬಳೇ ಮಗಳು ನಸ್ರೀನ್, ಗಲ್ಫಿನ ಒಂದು ಊರಿನಲ್ಲಿದ್ದಳು. ಅಳಿಯ ಖಲೀಲ್ ಅಲ್ಲಿ ಯಾವುದೋ ಕಂಪನಿಯ ಗಾಡಿ ಓಡಿಸುತ್ತಿದ್ದ. ಎರಡು ಸಲ ಕೈತಪ್ಪಿದ ಬಸಿರು ಮೂರನೇ ಸಲ ನಿಂತಿತ್ತು. ತವರಿಗೆ ಹೆರಿಗೆಗೆ ಬರಬೇಕಾದವಳು. ಪ್ರಯಾಣ ಬೇಡ ಎಂದು ಅಲ್ಲಿನ ಡಾಕ್ಟರು ತಡೆದಿದ್ದರು. ಅದಕ್ಕೆ ತಾಯಿಯನ್ನೇ ಕರೆಸಿಕೊಳ್ಳಲು ಖಲೀಲ್ ವಿಸಿಟ್ ವೀಸಾ ತೆಗೆಸಿ ಕಳಿಸಿದ್ದ. ಯೂಸುಫ್ ಸಾಬರು ತೀರಿಕೊಳ್ಳುವ ಕೆಲವೇ ದಿನ ಮೊದಲು ಅದು ಫೋನಿಗೆ ಬಂತು. ಅವರೇ ಖುಷಿಯಿಂದ ಹೋಗಿ ಪ್ರಿಂಟ್ ಹಾಕಿಸಿ ತಂದಿದ್ದರು.

ಯೂಸುಫ್ ಸಾಬರ ಅಣ್ಣ ಬಶೀರ್ ಸಾಬರು ಹರೆಯದಲ್ಲಿ ಗಲ್ಫಿನಲ್ಲಿ ಕ್ರೇನು ನಡೆಸಿ ಬಂದವರು. ಆ ಓಣಿಯಲ್ಲಿ ಪಾಸ್‌ಪೋರ್ಟಿನ ಮಾತು ಬಂದರೆ ಅವರದೇ ಕಡೆಯ ಮಾತು. ತಮ್ಮನ ಹೆಂಡತಿಯನ್ನು ಅವರು ಈಗಲೂ ದುಲ್ಹನ್, ಮದುಮಗಳು, ಎಂದೇ ಕರೆಯುತ್ತಿದ್ದರು. ಪರದೆಯ ಆಚೆ, ನಿಂತ ಮಷೀನಿನ ಪಕ್ಕ ಸ್ಟೂಲಿನ ಮೇಲೆ ಕೂತು ಹೇಳಿದರು: 'ಮೂರು ತಿಂಗಳಿಂದು ವೀಸಾ ಅದ, ದುಲ್ಹನ್. ಫಿಕರ್ ಮಾಡಬ್ಯಾಡ. ಇದ್ದತ್ ಮುಗೀಲಿ, ಆಮ್ಯಾಲೆ ಹೋಗು. ಅಲ್ಲಿ ಕಾಲಿಟ್ಟ ದಿನದಿಂದ ಮೂರು ತಿಂಗಳು. ಹೆರಿಗಿನೂ ಆಗ್ತದ, ಬಾಣಂತನಾನೂ ಆಗ್ತದ.'

ಖಾಲಾ ಪರದೆಯ ಈಚೆಯಿಂದ, 'ಹೌದ್ರಿ ಭಾಯಿಜಾನ್. ಮೆಹಮಾನ ಹೊಸ್ತಿಲಾ ದಾಟಿದ ಮ್ಯಾಲೇ ಅಲ್ಲೇನ್ರಿ ದಿನಾ ಎಣಸೋದು' ಎಂದಳು.

ಎಷ್ಟು ಸರಿಯಾಗಿ ಕೂತಿತ್ತು ಆ ಲೆಕ್ಕ. ಇದ್ದತ್ ಮುಗಿಯುವುದಕ್ಕೂ ನಸ್ರೀನ್‌ಗೆ ದಿನ ತುಂಬುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಸತ್ತವನ ಋಣ, ಹುಟ್ಟುವ ಕೂಸಿನ ಋಣ ಎರಡೂ ಒಂದರ ಬೆನ್ನಿಗೆ ಒಂದು ಸಾಲಾಗಿ ನಿಂತಿದ್ದವು. ಆ ಹಾಳೆಯನ್ನು ಮನೆಗೆ ಬಂದವರೆಲ್ಲ ನೋಡಿದರು. ಮೇಲೊಂದು ಅಂಕಿ, ಕೆಳಗೊಂದು ಅಂಕಿ, ಅರಬಿಯಲ್ಲೂ ಇಂಗ್ಲಿಷಿನಲ್ಲೂ. ಎಲ್ಲರೂ ದೊಡ್ಡ ಅಂಕಿಯನ್ನು ಓದಿದರು. ನಮ್ಮಲ್ಲಿ ಮೆಹಮಾನ್‌ಗೆ, ಮನೆಗೆ ಬಂದ ಅತಿಥಿಗೆ, 'ಎಷ್ಟು ದಿನ ಇರ್ತೀರಿ' ಎಂದು ಕೇಳುವ ರೂಢಿಯೇ ಇಲ್ಲ. ಕೇಳಿದರೆ ಎಬ್ಬಿಸಿದಂತೆ. ಅತಿಥಿ ಬರುವ ಮೊದಲೇ ಆಹ್ವಾನ ಸವೆಯಲು ಶುರುವಾಗುತ್ತದೆ ಎಂದು ಆ ಮನೆಯಲ್ಲಿ ಯಾರಿಗೆ ಹೊಳೆಯಬೇಕಿತ್ತು?

ಜುಲೈ ಪೂರ್ತಿ ಮಳೆ. ಅದು ಸುಳ್ಳಲ್ಲ, ಆ ವರ್ಷ ಕೆಂಪು ಮಣ್ಣಿನ ಗೋಡೆಗಳು ಓಣಿಯಲ್ಲಿ ಒಂದೊಂದೇ ಕುಸಿದದ್ದು ಊರಿಗೆಲ್ಲ ನೆನಪಿದೆ. ಹೊಲಿಯದೇ ಬಿಟ್ಟ ತಾಡಪತ್ರಿಗಳ ಗಂಟು ಅಂಗಡಿಯಲ್ಲಿ ಬೂಷ್ಟು ಹಿಡಿಯತೊಡಗಿತು. ದಿನಾ ಮಧ್ಯಾಹ್ನ ನಸ್ರೀನ್ ಫೋನ್ ಮಾಡುತ್ತಿದ್ದಳು. ಖಾಲಾ ಫೋನನ್ನು ಕಿವಿಗೆ ಹಿಡಿಯುತ್ತಿರಲಿಲ್ಲ, ತಟ್ಟೆ ಹಿಡಿದಂತೆ ಅಂಗೈ ಮೇಲೆ ಇಟ್ಟುಕೊಂಡು ಜೋರಾಗಿ ಮಾತಾಡುತ್ತಿದ್ದಳು. ಹಾಗಾಗಿ ಮಾಳಿಗೆಯಿಂದ ಇಳಿದುಬಂದ ನಾನು, ಎದುರು ಮನೆಯ ಶರಣಮ್ಮ, ಎಲ್ಲರೂ ಆ ಮಾತಿನೊಳಗೆ ಇರುತ್ತಿದ್ದೆವು. ತಾಯಿ ಮಗಳು ಆಡುತ್ತಿದ್ದುದು ದಖನಿ ಉರ್ದು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂದರೆ ಅಲ್ಲೇ ಒಂದು ಬದಲಾವಣೆ ಆಗಿಹೋಯಿತು.

'ಅಮ್ಮೀ, ಕಾಲು ಬಾತಾವ. ಚಪ್ಪಲಿ ಒಳಗ ಹೋಗವಲ್ಲವು.'

'ಗಲ್ಫಿನ ಚಪ್ಪಲಿನೇ ಸಣ್ಣಾವ ಇರಬೇಕು ತಗೋ!' ಎಂದು ಶರಣಮ್ಮ ಕೂಗಿ ಹೇಳಿದಳು. 'ನಿಮ್ಮಪ್ಪನ ಬೂಟು ಕಳಸ್ತೇವಿ, ಹಾಕ್ಕೊ.' ಆಚೆಯಿಂದ ನಗು ಬಂತು. ತೆಳ್ಳನೆಯ ನಗು. ನಸ್ರೀನ್‌ಗೆ ಮಾತು ಮುಗಿಸಿ ಖುದಾ ಹಾಫಿಜ್ ಹೇಳುವ ಅಭ್ಯಾಸವಿರಲಿಲ್ಲ. ನಗುನಗುತ್ತಲೇ ಫೋನ್ ಇಟ್ಟುಬಿಡುತ್ತಿದ್ದಳು.

ಬಾತ ಕಾಲು ಎಲ್ಲ ಬಸುರಿಯರಿಗೂ ಉಂಟು. ಆಮೇಲೆ ತಲೆನೋವು ಬಂತು. ಅದೂ ಉಂಟು. ಆಗಸ್ಟಿನ ಒಂದು ಮಧ್ಯಾಹ್ನ ನಸ್ರೀನ್, ಬೇರೇನೋ ಹೇಳುತ್ತಿದ್ದವಳು ನಡುವೆ, 'ಅಮ್ಮೀ, ಇಲ್ಲಿ ಲೈಟಿನ ಸುತ್ತ ಬಣ್ಣದ ಬಳಿ ಕಾಣಸ್ತಾವ. ಚಂದ ಕಾಣಸ್ತಾವ' ಎಂದಳು.

ಖಾಲಾ ಅಂಗೈ ಮೇಲಿನ ಫೋನನ್ನೇ ನೋಡಿದಳು. ಆಚೆಯಿಂದ ಎರಡು ಸಲ 'ಅಮ್ಮೀ' ಎಂದು ಕೇಳಿಸಿತು. ಆಕೆ ಫೋನನ್ನು ಚಾಪೆಯ ಮೇಲೆ ಇಟ್ಟು ಎದ್ದು ಒಳಗೆ ಹೋದಳು.

ನನಗೆ ಅರ್ಥವಾಗಲಿಲ್ಲ. ಶರಣಮ್ಮನಿಗೂ ಆಗಲಿಲ್ಲ. ಸಂಜೆ ಖಾಲಾ ನನ್ನನ್ನು ಕರೆದು ಹೇಳಿದಳು. ಹುಲಸೂರಿಗೆ ಕೊಟ್ಟಿದ್ದ ಆಕೆಯ ಅಕ್ಕ ಜುಲೇಖಾ ಬಸುರಿಯಾಗಿದ್ದಾಗ ಕಾಲು ಬಾತು, ತಲೆನೋವು ಬಂದು, ಒಂದು ಸಂಜೆ ಕಂದೀಲಿನ ಸುತ್ತ ಬಣ್ಣದ ಬಳೆ ಕಾಣಿಸುತ್ತಿವೆ ಎಂದಿದ್ದಳಂತೆ. ಮನೆಯವರೆಲ್ಲ ನಕ್ಕಿದ್ದರಂತೆ. ಮರುದಿನ ಮೈ ಸೆಟೆದು, ಹಲ್ಲು ಕಚ್ಚಿ, ಆಕೆಯೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು.

'ಅದೇ ಮಾತ್ರಿ ಬಾಯಿ. ಚಂದ ಕಾಣಸ್ತಾವ ಅಂತ ಅಕ್ಕನೂ ಅಂದಿದ್ದಳು.'

ಖಾಲಾ ಖಲೀಲ್‌ಗೆ ಫೋನ್ ಮಾಡಿದಳು. ಅವನದು ಯಾವಾಗಲೂ ಒಂದೇ ವಾಕ್ಯ. 'ಡಾಕ್ಟರು ನಾರ್ಮಲ್ ಅಂದಾರ್ರಿ ಅಮ್ಮಿ, ನೀವು ಫಿಕರ್ ಮಾಡಬ್ಯಾಡ್ರಿ.' ಯಾವ ಡಾಕ್ಟರು, ಯಾವಾಗ ಅಂದರು, ಕೇಳಿದರೆ ಗಾಡಿಯ ಹಾರ್ನು, ಯಾರೋ ಕೂಗುವುದು, ಆಮೇಲೆ ಫೋನ್ ಕಟ್. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಬೆಳಗಾಗುವ ಮೊದಲೇ ಗಾಡಿ ಹತ್ತಿ ಕತ್ತಲಾದ ಮೇಲೆ ಮನೆ ಸೇರುವವನಿಗೆ ಹೆಂಡತಿಯ ಕಾಲು ಎಷ್ಟು ಕಾಣುತ್ತದೆ ಎಂಬುದು ನನಗೆ ತಿಳಿಯದು.

ಖಾಲಾಗೆ ಕೂತಲ್ಲಿ ಕೂರಲಾಗಲಿಲ್ಲ. ಇದ್ದತ್ ಮುಗಿದ ಮರುದಿನದ್ದೇ ಟಿಕೆಟು ಈಗಲೇ ತೆಗೆಸಿಡಬೇಕೆಂದಳು. ಆ ರವಿವಾರ ಊರಿಗೆ ಹೋಗುವ ದಾರಿಯಲ್ಲಿ ನಾನು ಹುಮನಾಬಾದಿನಲ್ಲಿ ಇಳಿದು, ಹೆದ್ದಾರಿಯ ಹತ್ತಿರ ಟಿಕೆಟಿನ ಅಂಗಡಿ ಇಟ್ಟುಕೊಂಡಿದ್ದ ಪ್ರಭುರಾವ್ ಎಂಬಾತನ ಮುಂದೆ ಹಾಳೆ ಬಿಚ್ಚಿದೆ. ಆತ ಮೆಣಸಿನಕಾಯಿ ಭಜಿ ತಿನ್ನುತ್ತಿದ್ದ. ಎಣ್ಣೆ ಬೆರಳು ತಾಗಬಾರದೆಂದು ಹಾಳೆಯನ್ನು ಮೊಣಕೈಯಿಂದ ಎಳೆದುಕೊಂಡ.

'ಅಕ್ಟೋಬರಿಂದಾ? ಟಿಕೆಟ್ ಬೇಕಂದ್ರ ಕೊಡ್ತೀನ್ರಿ ಮೇಡಮ್. ವಿಮಾನದಾಗ ಮಾತ್ರ ಕೂಡ್ಸಂಗಿಲ್ಲ.'

'ಯಾಕ್ರಿ?'

'ಅಷ್ಟೊತ್ತಿಗಿ ಈ ವೀಸಾ ಸತ್ತಿರ್ತದ.'

'ಮೂರು ತಿಂಗಳು ಅಂತ ಬರದದಲ್ರಿ.'

'ಮೂರು ತಿಂಗಳು ಬಾಗಲಾ ತೆರದಿರ್ತದ್ರಿ. ಅಷ್ಟರಾಗ ಒಳಗ ಹೋಗಬೇಕು. ಒಳಗ ಹೋದ ಮ್ಯಾಲೆ ಕೂಡೋದು ಒಂದೇ ತಿಂಗಳು. ಇಲ್ಲಿ ನೋಡ್ರಿ, ಕೆಳಗ.' ನಾನು ನೋಡುತ್ತಲೇ ಇದ್ದೆ. ಆತ ಇನ್ನೊಂದು ಭಜಿ ಮುರಿದ. 'ಮದವಿ ಊಟಾ ಸಂಜಿತನಕಾ ಅಂತ ಪತ್ರಿಕಾದಾಗ ಹಾಕಿರ್ತಾರ. ನೀವು ಮರುದಿನ ಹೋಗಿ, ನಾ ಈಗ ಬಂದೀನಿ, ಸಂಜಿತನಕಾ ಬಡಸ್ರಿ ಅಂದ್ರ ಯಾರು ಬಡಸ್ತಾರ್ರೀ?'

'ಬಾಗಿಲು ಯಾವಾಗಿನಿಂದ ತೆರೆದದ?'

'ಕಾಗದಾ ಹುಟ್ಟಿದ ದಿನದಿಂದ. ಮೇ ತಿಂಗಳಿಂದ ಎಣಿಸ್ರಿ. ಇನ್ನೊಂದು ವಾರಾನೂ ಉಳದಿಲ್ಲ.' ಆಮೇಲೆ ನನ್ನ ಮುಖ ನೋಡಿ ಭಜಿಯ ಪೊಟ್ಟಣ ಮುಂದೆ ಸರಿಸಿದ. 'ತಗೋರಿ. ಹೊಸಾ ವೀಸಾ ತಗಿಲಿಕ್ಕ ಬರ್ತದ್ರಿ. ಅಳಿಯಾ ಅಲ್ಲಿಂದ ಮತ್ತ ಅರ್ಜಿ ಹಾಕಬೇಕು, ಅಷ್ಟೇ.'

ಊರಿಗೆ ಹೋಗದೆ ಬಸವಕಲ್ಯಾಣಕ್ಕೆ ಮರಳಿದೆ. ಖಲೀಲ್ ಹೊಸ ಅರ್ಜಿ ಹಾಕಲಾರ ಎಂದು ಆ ಸಂಜೆಯೇ ತಿಳಿಯಿತು. ಅವನು ಕಂಪನಿ ಬದಲಿಸುತ್ತಿದ್ದ. ಹೊಸ ಕಂಪನಿಯ ಕಾಗದ ಕೈಗೆ ಬರುವವರೆಗೂ ಯಾರನ್ನೂ ಕರೆಸುವ ಹಕ್ಕಿಲ್ಲವಂತೆ. ಎಷ್ಟು ತಿಂಗಳು ಹಿಡಿಯುತ್ತದೋ ಅವನಿಗೂ ಗೊತ್ತಿಲ್ಲ. ಅಂದರೆ ಇದ್ದದ್ದು ಇದೊಂದೇ ಬಾಗಿಲು. ಅದು ಮುಚ್ಚುತ್ತಿತ್ತು, ಮತ್ತು ಖಾಲಾ ಇದ್ದತ್ತಿನಲ್ಲಿದ್ದಳು.

ಬಶೀರ್ ಸಾಬರು ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಓದಿದರು. 'ನನ್ನ ಕಾಲಕ್ಕ ಹಿಂಗ ಇರಲಿಲ್ಲ' ಎಂದರು. ಅವರು ಹೋಗಿದ್ದದ್ದು ಕೆಲಸದ ವೀಸಾದ ಮೇಲೆ. ಅದರಲ್ಲಿ ಮೆಹಮಾನ್‌ಗಿರಿ ಇರಲಿಲ್ಲ. ಎದ್ದು ಮಸೀದಿಗೆ ಹೋದರು. ಮರಳಿ ಬಂದು ಪರದೆಯ ಆಚೆ ನಿಂತರು. 'ಮೌಲಾನಾ ಹೇಳಿದರು ದುಲ್ಹನ್. ಜೀವದ ಮಾತದ ಅಂದ್ರ ದಾರಿ ಅದ ಅಂದರು. ಹೋಗು. ಒಂದು ತಿಂಗಳು ಸಾಕು. ಕಣ್ಣಿಲೆ ನೋಡು, ದೊಡ್ಡ ದವಾಖಾನಿಗಿ ತೋರಸು.'

ಆದರೂ ಖಾಲಾ ಚೀಲ ಕಟ್ಟಲಿಲ್ಲ. ಆಕೆಯ ತೊಂದರೆ ಮೌಲಾನಾ ಅಲ್ಲ. ಎರಡು ದಿನ ಆಕೆ ಪರದೆಯ ಆಚೆ ನಿಂತ ಮಷೀನಿನ ಕಡೆ ಮುಖ ಮಾಡಿ ಕೂತಳು. ಈಗ ಹೋದರೆ ಹೆರಿಗೆಗೆ ಮೊದಲೇ ಅಲ್ಲಿಂದ ಏಳಬೇಕು. ಹೋಗದಿದ್ದರೆ ಹೆರಿಗೆಯವರೆಗೆ ಮಗಳು ಇರುತ್ತಾಳೋ ಇಲ್ಲವೋ. ಕಡೆಗೆ ಶರಣಮ್ಮನೇ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಬೈದಳು:

'ಏ ರಹಮತ್, ಸತ್ತಾಂವ ಕಾಯ್ತಾನ, ಬಸರಿ ಕಾಯಂಗಿಲ್ಲ. ಯೂಸುಫ್ ಏನರ ಈಗ ಎದ್ದು ಬಂದ್ರ ಮೊದಲ ನಿನಗ ಬಡೀತಾನ, ಇನ್ನ ಇಲ್ಲೇ ಯಾಕ ಕುಂತೀದಿ ಅಂತ.'

ಖಾಲಾ ಅತ್ತಳು, ನಕ್ಕಳು, ಎದ್ದು ಚೀಲ ಕಟ್ಟಿದಳು. ಬೆಲ್ಲ ಹಾಕಿದ ಅಂಟಿನುಂಡೆ, ಬಾಣಂತಿ ಖಾರದ ಸಾಮಾನು, ಕೂಸಿಗೆಂದು ಹಳೆ ಸೀರೆಯ ಕೌದಿ. ಹೆರಿಗೆಗೆ ಮೊದಲೇ ಮರಳುವವಳು ಇವನ್ನೆಲ್ಲ ಯಾಕೆ ಕಟ್ಟುತ್ತಿದ್ದಾಳೆ ಎಂದು ಯಾರೂ ಕೇಳಲಿಲ್ಲ.

ಕಾರು ಮಧ್ಯಾಹ್ನ ಬಂತು. ಮುಂದೆ ಡ್ರೈವರ್ ಪಕ್ಕ ಬಶೀರ್ ಸಾಬರು, ಹಿಂದೆ ಖಾಲಾ, ನಾನು. ವಿಮಾನ ಹತ್ತುವ ಹೆಂಗಸಿನ ಜೊತೆ ಹೈದರಾಬಾದಿನವರೆಗೆ ಒಬ್ಬ ಹೆಂಗಸಿರಲಿ ಎಂದು ನನ್ನನ್ನು ಕೂಡಿಸಿಕೊಂಡಿದ್ದರು. ಎರಡೂವರೆ ತಿಂಗಳ ಮೇಲೆ ಹೊರಗೆ ಬಂದ ಖಾಲಾ ಮುಸುಕಿನೊಳಗಿಂದ ಬಯಲನ್ನು ನೋಡುತ್ತಿದ್ದಳು. ಒಂದು ಸಲ, 'ಇಷ್ಟು ಹಸರ ಆಗ್ಯದಾ?' ಎಂದಳು. ಅಷ್ಟೇ.

ಹುಮನಾಬಾದಿನಲ್ಲಿ ಟಿಕೆಟಿನ ಪ್ರಿಂಟು ತೆಗೆದುಕೊಳ್ಳಲು ನಿಲ್ಲಿಸಿದೆವು. ಬಶೀರ್ ಸಾಬರು ಪ್ರಭುರಾವನ ಅಂಗಡಿಗೆ ಹೋದರು. ಡ್ರೈವರ್ ಚಹಾಕ್ಕೆ ಇಳಿದ. ಕಾರಿನೊಳಗೆ ನಾವಿಬ್ಬರೇ. ಮಳೆ ಇತ್ತೋ, ಹೆಸರುಕಾಳು ಇತ್ತೋ, ಅದನ್ನು ಬಿಡುತ್ತೇನೆ. ಸದ್ದಂತೂ ಇತ್ತು, ಲಾರಿಗಳದೋ ನೀರಿನದೋ.

ಆಗ ಫೋನ್ ಬಂತು. ಫೋನಿನ ಮೇಲೆ ನಸ್ರೀನ್‌ಳ ಹೆಸರು. ಖಾಲಾ ಯಾವಾಗಿನಂತೆ ಅಂಗೈ ಮೇಲಿಟ್ಟು ಸ್ಪೀಕರ್ ಹಾಕಿದಳು.

'ಅಮ್ಮೀ, ನಕ್ಕೋ ಆಓ.' ಬರಬೇಡ.

ಉಳಿದದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ. ತಾನು ಡಾಕ್ಟರ ಹತ್ತಿರ ಹೋಗಿ ಬಂದೆ ಎಂದಳು. ಬಾವು ಇಳಿದಿದೆ, ತಲೆನೋವಿಲ್ಲ, ಬಳೆ ಕಾಣುವುದಿಲ್ಲ. ಈಗ ಬಂದರೆ ಕೂಸು ಹುಟ್ಟುವ ಮೊದಲೇ ನಿನ್ನನ್ನು ಕಳಿಸಿಬಿಡುತ್ತಾರೆ. ಆಗ ನಾನೇನು ಮಾಡಲಿ? ಖಲೀಲ್‌ನ ಕಾಗದ ಆಗಲಿ, ಹೊಸ ವೀಸಾದ ಮೇಲೆ ಬಾ. ಅಬ್ಬಾನ ಇದ್ದತ್ ಮುರಿಯಬೇಡ. ಪೂರ್ತಿ ಕೂತುಕೋ. ನಾನು ಚೆನ್ನಾಗಿದ್ದೇನೆ. ಕಡೆಗೆ 'ಖುದಾ ಹಾಫಿಜ್' ಎಂದಳು.

ಎಲ್ಲವೂ ಸರಿಯಾದ ಮಾತು. ಒಂದರ ಹಿಂದೆ ಒಂದು, ಜೋಡಿಸಿಟ್ಟ ಮಾತು. ದನಿಯಲ್ಲಿ ಏರಿಳಿತ ಇರಲಿಲ್ಲ ಎಂದು ಈಗ ನನಗೆ ಅನಿಸುತ್ತದೆ. ಮಾತು ಮುಗಿಸದೇ ಫೋನ್ ಇಡುವ ಹುಡುಗಿ ಅಂದು ಯಾಕೆ ಖುದಾ ಹಾಫಿಜ್ ಹೇಳಿದಳು ಎಂದು ಆಗಲೇ ನನಗೆ ಹೊಳೆದಿತ್ತೋ, ಮುಂದೆ ಆದದ್ದು ತಿಳಿದ ಮೇಲೆ ಹೊಳೆಯಿತೋ, ಬೇರ್ಪಡಿಸಲಾರೆ.

ಖಾಲಾ ಮುಸುಕು ಸರಿಸಿದಳು. ಮುಖ ಬೆಳಗಿತ್ತು. 'ತಿರುಗಿಸಲಿಕ್ಕ ಹೇಳ್ರಿ ಗಾಡಿ' ಎಂದಳು.

ಬಶೀರ್ ಸಾಬರು ಟಿಕೆಟು ಹಿಡಿದು ಬಂದವರು ಕಾರಿನ ಬಾಗಿಲಲ್ಲೇ ನಿಂತರು. 'ಇನ್ನೊಮ್ಮಿ ಮಾತಾಡು ದುಲ್ಹನ್. ಖಲೀಲ್‌ನ ಕೂಡ ಮಾತಾಡು.' ನಸ್ರೀನ್‌ಗೆ ಮರಳಿ ಹಚ್ಚಿದರೆ ಫೋನ್ ಬಂದ್. ಖಲೀಲ್ ಎತ್ತಲಿಲ್ಲ. ಆ ಹೊತ್ತಿನಲ್ಲಿ ಅವನು ಎಂದೂ ಎತ್ತುತ್ತಿರಲಿಲ್ಲ.

'ಆಕಿ ಬಾಯಿಲೇ ಕೇಳೀನ್ರಿ ಭಾಯಿಜಾನ್. ಇನ್ನೇನು ಕೇಳೋದು?'

'ಇಲ್ಲಿತನಕಾ ಬಂದೀವಿ. ಹೋಗಿಬಿಡು. ನಂದೊಂದು ಮಾತು ಕೇಳು.'

'ಆಕಿ ಅಬ್ಬಾನ ಸಲುವಾಗಿ ಅಂದಾಳ್ರಿ.'

ಅವರು ಮುಂದಿನ ಸೀಟಿನಲ್ಲಿ ಕೂತರು. ಕಾರು ತಿರುಗಿತು. ಮನೆ ಮುಟ್ಟುವವರೆಗೂ ಅವರು ಟಿಕೆಟನ್ನು ಮಡಚದೆ ಮೊಣಕಾಲ ಮೇಲೆ ಹಿಡಿದು ಕೂತಿದ್ದರು.

ವೀಸಾ ಮುಗಿದ ದಿನ ಯಾವ ಸದ್ದೂ ಆಗಲಿಲ್ಲ. ಖಾಲಾ ಹೆಸರುಬೇಳೆ ಆರಿಸುತ್ತಿದ್ದಳು. ನಾನು ಕಾಲೇಜಿಗೆ ಹೋಗಿ ಬಂದೆ. ಎಲ್ಲರಿಗೂ ಗೊತ್ತಿತ್ತು. ಕಾರಿನಿಂದ ಮರಳಿದ ಮೇಲೆ ನಸ್ರೀನ್‌ಳ ಫೋನ್ ಬಂದಿರಲಿಲ್ಲ. ಬಿಲ್ಲು ತುಂಬಿಲ್ಲವೆಂದು ಫೋನ್ ಕಟ್ ಆಗಿದೆ ಎಂದು ಖಲೀಲ್ ಹೇಳಿದ್ದ. ಆಮೇಲೆ ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. ಅಂದು ಅವನ ಆ ಒಂದು ವಾಕ್ಯ ಇರಲಿಲ್ಲ.

ಪಕ್ಕದ ಮನೆಯ ಕೇರಳದ ಹೆಂಗಸು ತನ್ನ ಬಾಗಿಲ ಮುಂದೆ ನೀರು ನೋಡಿದಳಂತೆ. ನಸ್ರೀನ್‌ಳ ಬಾಗಿಲ ಅಡಿಯಿಂದ ಹರಿದು ಬರುತ್ತಿತ್ತು. ಬಾಗಿಲು ಒಡೆಸಿದರು. ನಲ್ಲಿ ಬಿಟ್ಟಂತೆಯೇ ಇ‌ತ್ತು. ನಸ್ರೀನ್ ಅಡುಗೆಮನೆಯ ನೆಲದ ಮೇಲೆ ಸೆಟೆದು ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಗೆ ಎಚ್ಚರವಿಲ್ಲ.

ಖಾಲಾ ಅಳಲಿಲ್ಲ. ಹೋಗಬೇಕೆಂದಳು. ಯಾವ ಕಾಗದದ ಮೇಲೆ? ಬಶೀರ್ ಸಾಬರು ಹುಮನಾಬಾದಿಗೆ ಹೋಗಿ ಬಂದರು, ಬೀದರಕ್ಕೆ ಹೋಗಿ ಬಂದರು, ಹೈದರಾಬಾದಿನಲ್ಲಿ ಎರಡು ದಿನ ಕೂತು ಬಂದರು. ಎಲ್ಲ ಕಡೆ ಒಂದೇ ಮಾತು: ಅಳಿಯನ ಕಾಗದ ಬರಲಿ. ಖಲೀಲ್ ಆಸ್ಪತ್ರೆಯಲ್ಲಿ ಹೆಂಡತಿಯ ಹಾಸಿಗೆ ಪಕ್ಕ ಫೋನ್ ಹಿಡಿದು ನಿಲ್ಲುತ್ತಿದ್ದ. ಇಲ್ಲಿ ಖಾಲಾನ ಅಂಗೈ ಮೇಲಿನ ಫೋನಿನಿಂದ ಯಂತ್ರದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಆಕೆ ಅದನ್ನೇ ಕೇಳುತ್ತ ಕೂರುತ್ತಿದ್ದಳು. ಶರಣಮ್ಮ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಇದ್ದತ್ ಮುಗಿದ ದಿನ ಹೆಂಗಸರು ಕರೆಯಲು ಬಂದರೂ ಖಾಲಾ ಹೊಸ್ತಿಲು ದಾಟಲಿಲ್ಲ.

ನಸ್ರೀನ್‌ಗೆ ಎಚ್ಚರ ಬಂತು. ಕೂಸು ಉಳಿಯಿತು. ಈ ಎರಡು ವಾಕ್ಯಗಳನ್ನು ಇಷ್ಟು ಚಿಕ್ಕದಾಗಿ ಬರೆಯಬಾರದು. ಆದರೆ ಆ ಬೇಸಿಗೆಗೆ ನನಗೆ ಬೀದರಕ್ಕೆ ವರ್ಗವಾಯಿತು; ಮುಂದಿನದನ್ನು ನಾನು ಹತ್ತಿರದಿಂದ ಕಾಣಲಿಲ್ಲ. ಮರುವರ್ಷ ತಾಯಿ ಮಗು ಊರಿಗೆ ಬಂದರು, ಇಲ್ಲೇ ಉಳಿದರು ಎಂದು ಕೇಳಿದ್ದೆ.

ಕಳೆದ ತಿಂಗಳು ಹೋದಾಗ ಅಂಗಡಿ ತೆರೆದಿತ್ತು. ಹಸಿರು ಪರದೆ ಇಲ್ಲ. ಮಷೀನಿನ ಮುಂದೆ ಕೂತು ತಾಡಪತ್ರಿಯ ಅಂಚು ಮಡಚುತ್ತಿದ್ದವಳು ನಸ್ರೀನ್. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಎಡಗಣ್ಣು ಮಂಜು, ಹೊಲಿಗೆಯ ಗೆರೆಯನ್ನು ಬಲಗಣ್ಣಿನಿಂದ ಹುಡುಕುವಾಗ ತಲೆ ಓರೆ ಮಾಡುತ್ತಾಳೆ. ಕೂಸು ಶಾಲೆಗೆ ಹೋಗಿತ್ತು. ಖಾಲಾ ಒಳಗಿನಿಂದ ಬಂದು ನನ್ನ ಕೈ ಹಿಡಿದುಕೊಂಡಳು. ಕೂರುವ ಮೊದಲೇ ಕೇಳಿದಳು:

'ಚಲೋ ಆತು ಬಂದ್ರಿ ಬಾಯಿ. ನೀವೇ ಹೇಳ್ರಿ ಇಕಿಗಿ. ಅವತ್ತ ಹುಮನಾಬಾದದಾಗ ಇಕಿ ಫೋನ್ ಮಾಡಿದ್ದಳಿಲ್ಲೋ? ಕಾರಿನ್ಯಾಗ ನೀವೂ ಇದ್ರಿಲ್ಲೋ?'

'ಶುರು ಆತು' ಎಂದು ನಸ್ರೀನ್ ನಕ್ಕಳು. 'ಬಂದವರಿಗಿ ನೀರು ಕೊಡು ಅಮ್ಮಿ ಮೊದಲ.'

'ನೀರು ಆಮ್ಯಾಲೆ. ಹೇಳ್ರಿ ಬಾಯಿ.'

'ನಾ ಫೋನ್ ಮಾಡಿಲ್ರಿ ಟೀಚರ್' ಎಂದಳು ನಸ್ರೀನ್. ಆಕೆ ಮಷೀನ್ ನಿಲ್ಲಿಸಿದ್ದಳು. 'ಬರಬ್ಯಾಡ ಅಂತ ನಾ ಯಾಕ ಅನ್ಲಿ? ಅಮ್ಮಿ, ನೀನು ಬರ್ತೀದಿ ಅಂತ ನಾ ಎದ್ದು ನೆಲಾ ಒರಸಿದ್ದು ನೆನಪದ. ಅಷ್ಟೇ. ಅದರ ಮುಂದ ಕಣ್ಣು ತೆರದಾಗ ಕಂಡಿದ್ದು ದವಾಖಾನಿ ಛತ್ತೇ. ನಡಬರಕ ಏನೂ ಇಲ್ಲ, ಖಾಲಿ. ಡಾಕ್ಟರೂ ಹಂಗೇ ಅಂದರು, ಆ ದಿನಗೋಳು ತಿರುಗಿ ನೆನಪಿಗಿ ಬರಂಗಿಲ್ಲ ಅಂತ.'

'ಮತ್ತ ನನಗ ಹೇಳಿದಾಕಿ ಯಾರು?' ಖಾಲಾನ ದನಿ ಏರಿತು. 'ನನ್ನ ಹೊಟ್ಟಿಲೆ ಹುಟ್ಟಿದಾಕಿ ದನಿ ನನಗ ಗೊತ್ತಾಗಂಗಿಲ್ಲೇನು? ನಿನ್ನ ಮಾತು ಕೇಳೇ ನಾ ತಿರುಗೀನಿ!'

ನಸ್ರೀನ್ ತಾಡಪತ್ರಿಯ ಮಡಿಕೆ ಒತ್ತಿದಳು. ಈ ಜಗಳ ಆ ಮನೆಯಲ್ಲಿ ವರ್ಷಗಳಿಂದ ನಡೆದಿದೆ ಎಂದು ಇಬ್ಬರ ಮುಖದ ದಣಿವೇ ಹೇಳುತ್ತಿತ್ತು. ಖಲೀಲ್‌ನನ್ನೂ ಕೇಳಿದ್ದಾರೆ. ತಾನು ಗಾಡಿಯ ಮೇಲಿದ್ದೆ, ಫೋನ್ ಮನೆಯಲ್ಲಿ ಅವಳ ಹತ್ತಿರವೇ ಇತ್ತು ಎಂದನಂತೆ. ಖಾಲಾನ ಆ ಫೋನು ಎಂದೋ ಕೆಟ್ಟು ಹೋಯಿತು. ಬಶೀರ್ ಸಾಬರು ಅಂಗಡಿಯೊಳಗಿದ್ದರು, ಡ್ರೈವರ್ ಚಹಾಕ್ಕೆ ಹೋಗಿದ್ದ. ಕೇಳಿದವರು ಖಾಲಾ ಮತ್ತು ನಾನು. ಖಾಲಾಗೆ ಬೇಕಾದದ್ದು ಇಷ್ಟೇ: ಬರಬೇಡ ಅಂದದ್ದು ಮಗಳೇ ಎಂದು ನಾನು ಹೇಳಬೇಕು. ಹಾಗಿದ್ದರೆ ಆಕೆ ಮಗಳ ಮಾತಿಗೆ ತಿರುಗಿದಳು. ಅಲ್ಲದಿದ್ದರೆ, ಕರೆಯುತ್ತಿದ್ದ ಮಗಳನ್ನು ಬಿಟ್ಟು ತಿರುಗಿದಳು.

'ಫೋನ್ ಬಂದದ್ದು ಖರೇ' ಎಂದೆ. 'ಅಮ್ಮೀ ಅಂದದ್ದು ಖರೇ. ಹೆಸರೂ ನಿಂದೇ ಇತ್ತು.'

'ಕೇಳಿದೇನು?' ಎಂದಳು ಖಾಲಾ ಮಗಳಿಗೆ.

ನಸ್ರೀನ್ ತಲೆ ಓರೆ ಮಾಡಿ, ಬಲಗಣ್ಣಿನಿಂದ ನನ್ನನ್ನು ನೋಡಿದಳು. 'ನನ್ನ ದನಿನೇ ಇತ್ತೇನ್ರಿ ಟೀಚರ್?'

ನಾನು ಅವಳ ದನಿಯನ್ನು ಕೇಳುತ್ತಿದ್ದೆ. ಎದುರಿಗೆ ಕೂತು ಮಾತಾಡುವ ಈ ನಸ್ರೀನ್‌ಳ ದನಿ ತೆಳ್ಳಗಿಲ್ಲ; ಒಡೆದಂತೆ, ಭಾರವಾಗಿದೆ. ಆ ಮಳೆಗಾಲ ನಾನು ಅವಳನ್ನು ಕಂಡಿರಲಿಲ್ಲ. ಅವಳ ದನಿ ಎಂದು ನನಗೆ ಗೊತ್ತಿದ್ದದ್ದು ಖಾಲಾನ ಅಂಗೈ ಮೇಲಿನ ಫೋನಿನಿಂದ ಬರುತ್ತಿದ್ದದ್ದು ಮಾತ್ರ. ತಲೆ ಮಂಜಾಗಿದ್ದಾಗ ಅವಳೇ ಆಡಿ ಮರೆತಿರಬಹುದು. ಅವಳ ಫೋನಿನಿಂದ ಬೇರೆ ಯಾರೋ ಆಡಿರಬಹುದು, ಯಾರಾದರೂ ಅವಳಿಂದ ಆಡಿಸಿರಬಹುದು. ಅಥವಾ ಒಂದೆರಡು ಮಾತು ಬಂದು, ಉಳಿದದ್ದನ್ನು ಇದ್ದತ್ತಿಗೆ ಮರಳಬೇಕೆಂದಿದ್ದ ತಾಯಿಯೂ ಪಕ್ಕದಲ್ಲಿದ್ದ ನಾನೂ ತುಂಬಿಕೊಂಡಿರಬಹುದು. ಇಬ್ಬರೂ ಕಾಯುತ್ತಿದ್ದರು. ಆ ದನಿ ಯಾರದೆಂದು ನನಗೆ ಗೊತ್ತಿಲ್ಲ ಎಂದೆ. ಈಗಲೂ ಗೊತ್ತಿಲ್ಲ.